ಕೂರುವವನ ಬೆನ್ನು, ಕೊಳ್ಳುವವನ ಕಣ್ಣು

ಕುಳಿತುಕೊಳ್ಳುವುದರ ವಿಷಯದಲ್ಲಿ ನಮ್ಮ ಭಾಷೆಗೆ ಮೊದಲಿನಿಂದಲೂ ಒಂದು ಅನುಮಾನವಿದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಗಾದೆ. ಉದ್ಯೋಗವಿಲ್ಲದವನನ್ನು ‘ಮನೆಯಲ್ಲಿ ಕೂತಿದ್ದಾನೆ’ ಎನ್ನುತ್ತೇವೆ; ಅವನು ನಿಂತಿರಲಿ, ಮಲಗಿರಲಿ, ನಮ್ಮ ಲೆಕ್ಕಕ್ಕೆ ಕೂತವನೇ. ರಾಜ ಕುಳಿತರೆ ಅದು ಸಿಂಹಾಸನ, ಯೋಗಿ ಕುಳಿತರೆ ಪದ್ಮಾಸನ, ಮಠಾಧಿಪತಿ ಕುಳಿತರೆ ಪೀಠ. ಮೈಮುರಿದು ದುಡಿಯುವವನು ಕುಳಿತರೆ ಮಾತ್ರ ಅದಕ್ಕೊಂದು ಹೆಸರಿಲ್ಲ. ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಬೈಗುಳವುಂಟು. ನಾನೀಗ ಬರೆಯಹೊರಟಿರುವುದು ಅಂಥ ದುಡಿಯುವವನೊಬ್ಬನ ಆಸನದ ವಿಷಯ. ಅದು ಹುಲ್ಲು ಕತ್ತರಿಸುವ ಯಂತ್ರದ ಮೇಲಿನ ಸೀಟು. ವಿಷಯ ಅಲ್ಪವೆಂದು ವಾಚಕರು ಪುಟ ತಿರುಗಿಸಬಾರದಾಗಿ ಪ್ರಾರ್ಥನೆ. ಒಂದು ಸಮಾಜವು ಯಾರ ಬೆನ್ನನ್ನು ಬೆನ್ನೆಂದು ಎಣಿಸುತ್ತದೆ ಎಂಬುದು ಇಂಥ ಅಲ್ಪ ವಸ್ತುಗಳಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಮಹಾಸಭೆಗಳ ಭಾಷಣಗಳಲ್ಲಿ ತಿಳಿಯುವುದಿಲ್ಲ.

ಹುಲ್ಲಿನ ಊರು ಯಾವುದೆಂದು ಮೊದಲು ಹೇಳಬೇಕು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಡಿ. ಎಸ್. ವೈಟ್ ಎಂಬ ಮಹನೀಯರ ಉತ್ಸಾಹದಿಂದ, ಮೈಸೂರಿನ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ, ಆಂಗ್ಲೋ ಇಂಡಿಯನ್ ಜನರ ಬೇಸಾಯದ ನೆಲೆಯಾಗಿ ಹುಟ್ಟಿದ ಊರು. ಇಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಆರ್. ಕೆ. ಬಾಳಿಗರ ಕನಸಿನಿಂದ, ಕಿಯೋನಿಕ್ಸ್ ಸಂಸ್ಥೆಯ ಕೈಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎದ್ದದ್ದು. ಎರಡೂ ರಾಗಿಯ ಸೀಮೆಯ ಊರುಗಳು. ಇಂದು ಅಲ್ಲಿ ಗಾಜಿನ ಕಟ್ಟಡಗಳ ನಡುವೆ ಬೆಳೆಯುವ ಮುಖ್ಯ ಪೈರು ಹುಲ್ಲು. ದನ ಮೇಯುವ ಹುಲ್ಲಲ್ಲ, ನೋಡುವ ಹುಲ್ಲು. ನರ್ಸರಿಯವರು ಇದನ್ನು ಮೆಕ್ಸಿಕನ್, ಕೊರಿಯನ್, ಬರ್ಮುಡಾ ಎಂದು ದೇಶದೇಶಗಳ ಹೆಸರಿನಿಂದ ಮಾರುತ್ತಾರೆ. ಈ ಬರ್ಮುಡಾ ಎಂಬುದು ಬೇರೆ ಯಾವುದೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯೇ. ಹೊಲದ ಬದುವಿನಲ್ಲಿದ್ದಾಗ ಕಳೆಯೆಂದು ಕಿತ್ತೆಸೆದವರು ಈಗ ಅದನ್ನೇ ಚದರಡಿಗೆ ಇಷ್ಟೆಂದು ಕೊಟ್ಟು ಹಾಸಿಸುತ್ತಾರೆ. ಇರಲಿ.

ಗರಿಕೆಯ ಸ್ವಭಾವ ವಾಚಕರಿಗೆ ಗೊತ್ತು. ಜೂನ್ ತಿಂಗಳ ಮಳೆ ಬಿದ್ದಮೇಲೆ ಅಕ್ಟೋಬರ್ ಕಳೆಯುವವರೆಗೆ ಅದಕ್ಕೆ ಬಿಡುವಿಲ್ಲ. ಹುಲ್ಲಿಗೆ ಬಿಡುವಿಲ್ಲದ ಮೇಲೆ ಅದನ್ನು ಕತ್ತರಿಸುವವನಿಗೂ ಇಲ್ಲ. ಈ ಪ್ರದೇಶದಲ್ಲಿ ಹೆಚ್ಚು ಕಾಣುವ ಸಾಧನ ಹೆಗಲಿಗೆ ತೊಗಲುಪಟ್ಟಿ ಹಾಕಿ ತೂಗುಬಿಟ್ಟುಕೊಳ್ಳುವ ಬ್ರಷ್ ಕಟರ್. ಏಳೆಂಟು ಕಿಲೋ ತೂಕ, ಕಿವಿಗಡಚಿಕ್ಕುವ ಸದ್ದು, ಎಣ್ಣೆ ಬೆರೆತ ಪೆಟ್ರೋಲಿನ ಹೊಗೆ, ಕಾಲಿಗೆ ಸಿಡಿಯುವ ಕಲ್ಲು. ಮುಖಕ್ಕೆ ಟವೆಲು ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಬೀಸುತ್ತ ಸಾಗುವ ಆಳನ್ನು ಯಾರು ತಾನೆ ಕಂಡಿಲ್ಲ? ಅದು ಬಿಟ್ಟರೆ ತಳ್ಳಿಕೊಂಡು ಹೋಗುವ ಯಂತ್ರಗಳು. ಎರಡರಲ್ಲಿಯೂ ಕೆಲಸಗಾರ ನಿಂತೇ ಇರುತ್ತಾನೆ. ಅಲುಗಾಟವೆಲ್ಲ ಅಂಗೈಯ ಮೂಲಕ ತೋಳಿಗೆ ಹತ್ತುತ್ತದೆ. ವರ್ಷಗಟ್ಟಲೆ ಇದು ನಡೆದರೆ ಬೆರಳುಗಳ ರಕ್ತಸಂಚಾರ ಕೆಟ್ಟು, ಚಳಿಯಲ್ಲಿ ಬೆರಳು ಬೆಳ್ಳಗಾಗಿ ಮರಗಟ್ಟುವ ಒಂದು ರೋಗ ಬರುವುದುಂಟು. ಅಮೆರಿಕದ ಇಂಡಿಯಾನಾ ಪ್ರಾಂತದ ಬೆಡ್‌ಫರ್ಡ್ ಎಂಬಲ್ಲಿ ಕಲ್ಲುಕುಟಿಗರ ಕೈಗಳಲ್ಲಿ ಇದನ್ನು 1918ರಲ್ಲಿಯೇ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಎಂಬ ಮಹಿಳೆ ಪರೀಕ್ಷಿಸಿ ಬರೆದಿಟ್ಟರು. ನಮ್ಮ ಮಾಲಿಗಳ ಕೈಗಳನ್ನು ಹಾಗೆ ಹಿಡಿದು ನೋಡಿದವರನ್ನು ನಾನಂತೂ ಕಂಡಿಲ್ಲ.

ಈಚೆಗೆ ದೊಡ್ಡ ಆವರಣಗಳಿಗೂ ಗಾಲ್ಫ್ ಮೈದಾನಗಳಿಗೂ ಇನ್ನೊಂದು ಬಗೆಯ ಯಂತ್ರ ಬರತೊಡಗಿದೆ. ಇದರ ಮೇಲೆ ಕುಳಿತೇ ಹುಲ್ಲು ಕತ್ತರಿಸಬಹುದು. ಅದರಲ್ಲಿಯೂ ಜೀರೋ ಟರ್ನ್ ಎಂಬ ಜಾತಿಯದು ವಿಚಿತ್ರವಾದದ್ದು. ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿ 1960ರ ದಶಕದಲ್ಲಿ ಹುಟ್ಟಿದ ಇದಕ್ಕೆ ಸ್ಟೀರಿಂಗ್ ಚಕ್ರವಿಲ್ಲ. ಎರಡು ಕೈಗಳಿಗೆ ಎರಡು ಸನ್ನೆಕೋಲುಗಳು. ಹಿಂದಿನ ಎರಡು ಗಾಲಿಗಳಿಗೂ ಬೇರೆಬೇರೆ ಚಾಲನೆ. ಒಂದು ಕೋಲನ್ನು ಮುಂದಕ್ಕೊತ್ತಿ ಇನ್ನೊಂದನ್ನು ಹಿಂದಕ್ಕೆಳೆದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಮುಂದಿನ ಎರಡು ಗಾಲಿಗಳು ಆಸ್ಪತ್ರೆಯ ಮಂಚದ ಗಾಲಿಗಳಂತೆ ಎಳೆದತ್ತ ಹೊರಳುತ್ತವೆ. ಮರದ ಬುಡ, ದೀಪದ ಕಂಬ, ಹೂಪಾತಿಯ ಅಂಚು ಎಲ್ಲವನ್ನೂ ಸುತ್ತಿಬರುವುದಕ್ಕೆ ಇದಕ್ಕಿಂತ ಚತುರವಾದದ್ದಿಲ್ಲ.

ಚತುರವೇನೋ ಹೌದು; ಸವಾರನಿಗೆ ಸುಖವೇ? ಇಲ್ಲಿ ಯಂತ್ರದ ಕಟ್ಟು ಅವನಿಗೆ ಅನುಕೂಲವಾಗಿಲ್ಲ. ಬೆಂಗಳೂರಿನ ಸಾರಿಗೆ ಬಸ್ಸಿನಲ್ಲಿ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಕೊನೆಯ ಸೀಟಿನಲ್ಲಿ ಕುಳಿತು ಹೋದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆಯ ಉಬ್ಬು ಹಿಂದಿನ ಗಾಲಿಗೆ ತಾಗಿದ ಕ್ಷಣ ಬೇರೆಯವರು ಅಲುಗುತ್ತಾರೆ, ಕೊನೆಯ ಸೀಟಿನವರು ಹಾರುತ್ತಾರೆ. ನಿಂತಲ್ಲೇ ತಿರುಗುವ ಯಂತ್ರದಲ್ಲಿ ಸವಾರನ ಆಸನ ಇರುವುದೇ ಹಿಂದಿನ ಗಾಲಿಗಳ ನೆರೆಯಲ್ಲಿ. ಬಸ್ಸಿಗಾದರೂ ಕಮಾನುಪಟ್ಟಿಗಳಿವೆ. ಈ ಯಂತ್ರಗಳಲ್ಲಿ ಬಹಳಷ್ಟಕ್ಕೆ ಗಾಲಿಗೂ ಚೌಕಟ್ಟಿಗೂ ನಡುವೆ ಯಾವ ಸ್ಪ್ರಿಂಗೂ ಇಲ್ಲ. ನೆಲದ ಪ್ರತಿಯೊಂದು ಮಾತೂ ನೇರವಾಗಿ ಬೆನ್ನೆಲುಬಿನ ಕಿವಿಗೆ ತಲಪುತ್ತದೆ.

ತಯಾರಕರು ಇದನ್ನರಿತು ಎರಡು ದರ್ಜೆಗಳನ್ನು ಮಾಡಿದ್ದಾರೆ. ಒಂದು ಮನೆಯ ದರ್ಜೆ, ಇನ್ನೊಂದು ವೃತ್ತಿಯ ದರ್ಜೆ. ಮನೆಯ ದರ್ಜೆಯದು ಹಗುರ, ಬೆಲೆ ಕಡಿಮೆ. ಅದರ ಸೀಟು ಮೆತ್ತನೆಯ ಸ್ಪಂಜು, ಹೆಚ್ಚೆಂದರೆ ಅಡಿಯಲ್ಲಿ ಒಂದು ಜೊತೆ ಸುರುಳಿ ಸ್ಪ್ರಿಂಗು. ಅಂಗಡಿಯಲ್ಲಿ ಕುಳಿತು ನೋಡಿದರೆ ಹಿತವಾಗಿಯೇ ಇರುತ್ತದೆ. ವೃತ್ತಿಯ ದರ್ಜೆಯದು ಭಾರ. ದಪ್ಪ ಉಕ್ಕು, ದೊಡ್ಡ ಟೈರು, ಹೆಚ್ಚಿನ ವೇಗ. ಅದರ ಸೀಟಿನಡಿಯಲ್ಲಿ ಸ್ಪ್ರಿಂಗೂ ಕುಲುಕನ್ನು ನುಂಗುವ ಡ್ಯಾಂಪರೂ ಇರುವ ಒಂದು ಪ್ರತ್ಯೇಕ ತೂಗುವ್ಯವಸ್ಥೆ, ಕೂರುವವನ ತೂಕಕ್ಕೆ ತಕ್ಕಂತೆ ತಿರುಗಿಸಿಕೊಳ್ಳುವ ಗುಂಡಿ, ತೋಳಿಗೆ ಆಸರೆ. ಕೆಲವದರಲ್ಲಿ ಕಾಲಿಡುವ ತಗಡಿಗೂ ರಬ್ಬರಿನ ಮೆತ್ತೆ. ಬೆಲೆ ಎರಡು ಮೂರು ಪಟ್ಟು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ದೇಶದಲ್ಲಿ ಯಾರಿಗೆ ಉತ್ತಮವಾದ ಆಸನ ದೊರೆಯಿತು? ಮನೆಯ ಯಜಮಾನನಿಗಲ್ಲ, ಕೂಲಿಗೆ ಹುಲ್ಲು ಕತ್ತರಿಸುವವನಿಗೆ. ಇದನ್ನು ಮೊದಲು ತಿಳಿದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ನಮ್ಮ ಎತ್ತಿನಗಾಡಿಯ ಧರ್ಮ ಇದಕ್ಕೆ ತೀರ ವಿರುದ್ಧ. ಸವಾರಿ ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಬಸುರಿ ಹೆಣ್ಣುಮಗಳನ್ನು ತವರಿಗೆ ಕರೆತರುತ್ತಿದ್ದರು. ಗಾಡಿ ಹೊಡೆಯುವವನು ಮಾತ್ರ ಮೂಕಿಯ ಮೇಲೆ, ಎತ್ತಿನ ಬಾಲದ ಬೀಸಿಗೆ ಮುಖವೊಡ್ಡಿ. ಭಾರದ ಗಾಡಿಯಲ್ಲಂತೂ ಹುಲ್ಲಿನ ಹಾಸಿಗೆಯ ಮಾತೇ ಇಲ್ಲ. ಸುಖವು ಹೋಗುವವರಿಗೆ, ಕರೆದೊಯ್ಯುವವನಿಗಲ್ಲ ಎಂಬುದು ನಮ್ಮ ಲೋಕರೂಢಿ.

ಅಮೆರಿಕದವರಿಗೆ ಕೂಲಿಕಾರನ ಮೇಲೆ ವಿಶೇಷ ಪ್ರೀತಿಯೆಂದು ಇದರಿಂದ ಹೇಳಲಾಗದು. ಇದರ ಹಿಂದಿರುವುದು ಲೆಕ್ಕ. ಕುಳಿತ ಮನುಷ್ಯನ ಮುಂಡವು ಸೆಕೆಂಡಿಗೆ ಸುಮಾರು ಐದು ಸಲದ ಮೇಲುಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳುವಿಕೆಯೂ ದೊಡ್ಡ ಜೀಕಾಗುತ್ತದಲ್ಲವೆ? ಹಾಗೆ. ಸ್ಪಂಜಿನ ಸೀಟಿನ ಸಹಜ ಲಯ ಸೆಕೆಂಡಿಗೆ ನಾಲ್ಕರ ಆಸುಪಾಸು. ಆದ್ದರಿಂದ ಅದು ಕುಲುಕನ್ನು ತಡೆಯುವ ಬದಲು ಎಷ್ಟೋ ಸಲ ಹೆಚ್ಚಿಸಿಯೇ ಬೆನ್ನಿಗೆ ದಾಟಿಸುತ್ತದೆ. ಸ್ಪ್ರಿಂಗು ಡ್ಯಾಂಪರುಗಳ ಸೀಟು ತನ್ನ ಲಯವನ್ನು ಎರಡರ ಸಮೀಪಕ್ಕೆ ಇಳಿಸಿಕೊಂಡಿರುತ್ತದೆ. ಐದರ ಕುಲುಕು ಬಂದಾಗ ಅದರ ಬಹುಭಾಗ ಸೀಟಿನಡಿಯಲ್ಲಿಯೇ ಸತ್ತುಹೋಗುತ್ತದೆ. ಮೆತ್ತಗಿರುವುದು ಬೇರೆ, ಹಿತವಾಗಿರುವುದು ಬೇರೆ. ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡುವವನಿಗೆ ಮೊದಲನೆಯದು ಮಾತ್ರ ತಿಳಿಯುತ್ತದೆ.

ಇನ್ನು ವೇಳೆಯ ಲೆಕ್ಕ. ಇಡೀ ಮೈ ಕುಲುಕುವುದನ್ನು ಅಳೆಯುವ ಕ್ರಮವೊಂದನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1974ರಲ್ಲಿ ಪ್ರಕಟಿಸಿ 1997ರಲ್ಲಿ ತಿದ್ದಿತು. ಯುರೋಪಿನ ಒಕ್ಕೂಟ 2002ರಲ್ಲಿ ಒಂದು ನಿರ್ದೇಶ ಹೊರಡಿಸಿ, ಎಂಟು ಗಂಟೆಯ ದುಡಿಮೆಗೆ ಸರಿಹೊಂದಿಸಿದ ಕುಲುಕು ಸೆಕೆಂಡಿನ ವರ್ಗಕ್ಕೆ 0.5 ಮೀಟರು ದಾಟಿದರೆ ಮಾಲೀಕ ಎಚ್ಚೆತ್ತು ಕ್ರಮ ಕೈಗೊಳ್ಳಬೇಕೆಂದೂ, 1.15 ಮೀಟರನ್ನು ದಾಟಲೇ ಕೂಡದೆಂದೂ ಗೊತ್ತುಮಾಡಿತು. ಲೆಕ್ಕದ ಸೂತ್ರ ಸರಳ: ವೇಳೆ ನಾಲ್ಕು ಪಟ್ಟಾದರೆ ಮೈಗೆ ಬಿದ್ದ ಕುಲುಕು ಎರಡು ಪಟ್ಟು. ಒಂದು ಯಂತ್ರ ಸವಾರನನ್ನು 1 ಮೀಟರಿನ ಅಳತೆಯಲ್ಲಿ ಕುಲುಕುತ್ತದೆಯೆಂದು ಇಟ್ಟುಕೊಳ್ಳೋಣ. ಶನಿವಾರ ಅರ್ಧ ಗಂಟೆ ತನ್ನ ಮನೆಯಂಗಳದಲ್ಲಿ ಓಡಿಸುವವನ ಲೆಕ್ಕಕ್ಕೆ ಬರುವುದು 0.25, ಅವನಿಗೆ ಯಾವ ಅಪಾಯವೂ ಇಲ್ಲ. ಎರಡು ಗಂಟೆ ಓಡಿಸಿದರೆ 0.5, ಎಚ್ಚರಿಕೆಯ ಗೆರೆ. ಎಂಟು ಗಂಟೆ ಓಡಿಸುವವನು ಪೂರ್ತಿ 1 ಮೀಟರು ಹೊತ್ತು ಮನೆಗೆ ಹೋಗುತ್ತಾನೆ. ಯಂತ್ರ ಒಂದೇ, ಹುಲ್ಲು ಒಂದೇ. ಆದ್ದರಿಂದಲೇ ಮನೆಯ ದರ್ಜೆಯ ಸೀಟು ಮನೆಗೆ ಸಾಕು, ವೃತ್ತಿಗೆ ಸಾಲದು. ಅಲ್ಲಿ ಬೆನ್ನುನೋವಿನಿಂದ ಆಳು ಕೆಲಸ ಬಿಟ್ಟರೆ ಇನ್ನೊಬ್ಬ ಸಿಕ್ಕುವುದು ಕಷ್ಟ, ಸಿಕ್ಕಿದರೂ ಕೂಲಿ ದುಬಾರಿ. ಸೀಟಿನ ಬೆಲೆಗಿಂತ ಬೆನ್ನಿನ ಬೆಲೆ ಹೆಚ್ಚಾಯಿತು, ಸೀಟು ಉತ್ತಮವಾಯಿತು.

ನಮ್ಮಲ್ಲಿ ಬೆನ್ನಿನ ಬೆಲೆ ಎಷ್ಟು ಎಂಬುದು ನನಗೆ ಒಂದು ಆವರಣದಲ್ಲಿ ತಿಳಿಯಿತು. ಯಾವುದೆಂದು ಹೆಸರಿಸುವುದು ಬೇಡ. ಅಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಉಪಾಹಾರಕ್ಕೆ ಕರೆದಿದ್ದರು. ಹೊರಗಿನ ಹುಲ್ಲಿನಲ್ಲಿ ಹೊಸ ಯಂತ್ರವೊಂದು ಓಡುತ್ತಿತ್ತು; ನೋಡಲು ಬಲು ಸೊಗಸು. ಓಡಿಸುತ್ತಿದ್ದವನು ಮಾಲೂರು ಕಡೆಯ ಹುಡುಗ, ಗುತ್ತಿಗೆದಾರನ ಆಳು. ಸೀಟಿನ ಮೇಲೆ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಡಿಸಿ ಹಾಸಿಕೊಂಡಿದ್ದ. ಎತ್ತಿನಗಾಡಿಯ ಹುಲ್ಲುಹಾಸಿಗೆ ಕಾಡುಗೋಡಿಯ ಆಚೆಯಿಂದ ಇಲ್ಲಿಯವರೆಗೆ ಬಂದಿತ್ತು!

“ಹೆಂಗಪ್ಪ ಐತೆ ಗಾಡಿ?” ಎಂದೆ.

“ಬೆಳಿಗ್ಗೆ ಹೊತ್ತು ಚೆನ್ನಾಗಿರ್ತದೆ ಸಾರ್. ಹೆಗಲ ಮೇಲೆ ಹೊರೋದಕ್ಕಿಂತ ಎಷ್ಟೋ ವಾಸಿ. ಸಾಯಂಕಾಲ ಇಳಿದ್ಮೇಲೆ ಮಾತ್ರ ನಿಂತ ನೆಲಾನೇ ಅಲ್ಲಾಡ್ದಂಗೆ ಆಯ್ತದೆ. ಸೊಂಟ ಹಿಡ್ಕೊಂತದೆ.”

“ಸೀಟು ಬದಲಾಯಿಸಿ ಎಂದು ಹೇಳಲಿಲ್ಲವೆ?”

“ಕೂತ್ಕೊಂಡು ಮಾಡೋ ಕೆಲ್ಸಕ್ಕೂ ಸೊಂಟನೋವಾ ಅಂತ ನಗ್ತಾರೆ ಸಾರ್.”

ಆ ನಗೆಯಲ್ಲಿ ನಮ್ಮ ಗಾದೆಯೇ ನಗುತ್ತಿರುವಂತೆ ನನಗೆ ಕೇಳಿಸಿತು. ವಿಚಾರಿಸಿದಾಗ ಅದು ಮನೆಯ ದರ್ಜೆಯ ಯಂತ್ರವೆಂದು ತಿಳಿಯಿತು. ಕೊಂಡವರು ನೋಡಿದ್ದು ಎರಡು ಅಂಕಿ: ಒಂದು ಸಾಲಿಗೆ ಎಷ್ಟು ಅಗಲ ಕತ್ತರಿಸುತ್ತದೆ, ಬೆಲೆಯೆಷ್ಟು. ಸೀಟನ್ನು ಅವರು ನೋಡಲಿಲ್ಲವೆಂದಲ್ಲ, ನೋಡಿದರು, ಕೂರಲಿಲ್ಲ. ಇನ್ನೊಂದು ವಿನೋದವನ್ನು ಹೇಳಲೇಬೇಕು. ಗಾಜಿನ ಒಳಗೆ, ನನ್ನ ವಿದ್ಯಾರ್ಥಿಯ ಕೋಣೆಯಲ್ಲಿ, ಬೆನ್ನಿನ ಬಾಗಿಗೆ ಒತ್ತುವ, ಕತ್ತಿಗೆ ಆನಿಸುವ, ಎತ್ತರ ಬದಲಿಸುವ ಕುರ್ಚಿಗಳ ಸಾಲು. ಕುಳಿತೇ ಇದ್ದರೆ ಬೆನ್ನಿಗೆ ಕೇಡು ಎಂದು ಎಚ್ಚರಿಸುವ ಒಂದು ಭಿತ್ತಿಪತ್ರವೂ ಇತ್ತು. ಎರಡು ಬೆನ್ನುಗಳ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ ಮಾತ್ರ. ಆ ಕುರ್ಚಿಗಳು ಬೇಡವೆಂದು ನಾನು ಹೇಳುವುದಿಲ್ಲ. ಅಲುಗದ ನೆಲದ ಮೇಲೆ ಕೂರುವವನ ಬೆನ್ನಿಗೆ ಇಷ್ಟು ಶಾಸ್ತ್ರವಿದ್ದರೆ, ಅಲುಗುವ ಯಂತ್ರದ ಮೇಲೆ ಕೂರುವವನಿಗೆ ಗೋಣಿಚೀಲವೇ ಏಕೆ ಎಂದಷ್ಟೇ ನನ್ನ ಪ್ರಶ್ನೆ.

ಹುಲ್ಲುಹಾಸಿನ ಚರಿತ್ರೆಯಲ್ಲಿ ಈ ಪಕ್ಷಪಾತ ಹಳೆಯದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೊದಲ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್, 1830ರಲ್ಲಿ. ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು ನೆಲದ ಜುಂಗಿಗೂ ಅದೇ ಉಪಾಯವನ್ನು ಹೂಡಿದ. ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳಿಂದ ಎಳೆಸತೊಡಗಿದರು. ಆಗ ಕುದುರೆಯ ಕಾಲಿಗೆ ತೊಗಲಿನ ಜೋಡು ತೊಡಿಸುತ್ತಿದ್ದರು. ಕುದುರೆಯ ಕಾಲು ನೋಯಬಾರದೆಂದಲ್ಲ. ಗೊರಸು ಊರಿ ಹುಲ್ಲು ಕೆಡಬಾರದೆಂದು! ಕುದುರೆಯ ಹಿಂದೆ ನಡೆಯುತ್ತಿದ್ದವನ ಕಾಲಿನಲ್ಲಿ ಏನಿತ್ತೋ, ಯಾರೂ ಕೇಳಿದಂತಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂದು ವಾಚಕರು ಕೇಳಬಹುದು. 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣ, ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ತಕ್ಕ ವ್ಯವಸ್ಥೆ ಇರಬೇಕೆಂದು ವಿಧಿಸಿತ್ತು. ಪೀಣ್ಯದ ಲೇತ್ ಯಂತ್ರಗಳ ಮುಂದೆ ನಿಂತವರಿಗೆ ಅದು ಎಷ್ಟರಮಟ್ಟಿಗೆ ದಕ್ಕಿತೆಂಬುದನ್ನು ನಿಂತವರೇ ಹೇಳಬೇಕು. ಕಾಗದದ ಮೇಲಂತೂ ಇದ್ದಿತು. ಆ ಕಾಯಿದೆಯ ಸ್ಥಾನಕ್ಕೆ ಬಂದಿರುವ 2020ರ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ, ಅಂಗಡಿಯ ಕೆಲಸಗಾರರಿಗೂ ಕೂರುವ ಹಕ್ಕನ್ನು ಶಾಸನದಲ್ಲಿ ಬರೆದರು. ಇವೆಲ್ಲ ಶ್ಲಾಘ್ಯ. ಆದರೆ ಇವುಗಳಿಗೆ ಕಾಣುವುದು ನಿಲ್ಲುವುದು, ಕೂರುವುದು ಎಂಬ ಎರಡು ಭಂಗಿಗಳು; ಕೂತ ಜಾಗ ಹೇಗೆ ಅಲುಗುತ್ತಿದೆ ಎಂಬುದಲ್ಲ. ಕೂರಿಸಿದೆವೆಂದ ಮಾತ್ರಕ್ಕೆ ಉಪಕಾರ ಮುಗಿಯಿತೆಂದು ತಿಳಿಯುವುದು ಸುಲಭ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬಂದಿವೆ. ಹುಲ್ಲುಹಾಸೇ ಬೇಡ, ನೀರಿಲ್ಲದ ಊರಿಗೆ ಅದೇಕೆ ಎಂಬುದು ಒಂದು. 2024ರ ಮಾರ್ಚಿಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟವರಿಗೆ 5,000 ರೂಪಾಯಿ ದಂಡವೆಂದು ಸಾರಬೇಕಾಯಿತಲ್ಲ! ಆಕ್ಷೇಪ ನ್ಯಾಯವಾದದ್ದೇ. ಹುಲ್ಲು ಹೋಗುವ ದಿನ ಬಂದರೆ ನಾನು ಅಳುವವನಲ್ಲ. ಅಲ್ಲಿಯವರೆಗೆ ಅದನ್ನು ಕತ್ತರಿಸುವವನ ಬೆನ್ನು ಕಾಯುತ್ತ ಕೂರಲಾರದು.

ಎರಡನೆಯದು ಹೆಚ್ಚು ಕಠಿಣವಾದದ್ದು. ಒಂದು ದೊಡ್ಡ ಯಂತ್ರ ಬಂದರೆ ನಾಲ್ಕಾರು ಬ್ರಷ್ ಕಟರಿನವರ ಅನ್ನ ಹೋಗುತ್ತದೆ. ಒಬ್ಬನ ಬೆನ್ನಿನ ಸುಖಕ್ಕೆ ಇಷ್ಟು ಹೊಟ್ಟೆಗಳನ್ನು ಕೊಡುವುದೆ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಒಂದು ಮಾತು ನಿಜ: ಯಂತ್ರವನ್ನು ಕೊಳ್ಳುವಾಗ ಯಾರೂ ಆ ಹೊಟ್ಟೆಗಳ ಲೆಕ್ಕ ಮಾಡುವುದಿಲ್ಲ, ಸೀಟಿಗೆ ಹಣ ಕೇಳಿದಾಗ ಮಾತ್ರ ಅವು ನೆನಪಿಗೆ ಬರುತ್ತವೆ. ಯಂತ್ರ ಹೇಗೂ ಬರುತ್ತಿದೆ. ಬಂದಮೇಲೆ ಉಳಿದ ಒಬ್ಬನೂ ಐದು ವರ್ಷದಲ್ಲಿ ಸೊಂಟ ಹಿಡಿದು ಊರಿಗೆ ಹೋದರೆ ಯಾರ ಹೊಟ್ಟೆ ತುಂಬಿದಂತಾಯಿತು?

ಇನ್ನು ಉತ್ತಮ ದರ್ಜೆಯ ಯಂತ್ರವನ್ನೇ ತಂದರೆ ಎಲ್ಲ ಸರಿಹೋಗುತ್ತದೆಂದು ನಂಬುವಂತೆಯೂ ಇಲ್ಲ. ಆ ಸೀಟಿನ ತೂಕದ ಗುಂಡಿಯ ವಿಷಯ ಹೇಳಿದೆನಲ್ಲ. ಅದು ಸಾಮಾನ್ಯವಾಗಿ 50 ಕಿಲೋದಿಂದ 130 ಕಿಲೋವರೆಗಿನ ದೇಹಗಳಿಗೆ ಹೊಂದುವಂತೆ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ತನ್ನ ಲೆಕ್ಕಗಳಿಗೆ ಇಟ್ಟುಕೊಂಡ ಮಾದರಿ ಭಾರತೀಯ ಪುರುಷನ ತೂಕ 65 ಕಿಲೋ, ಸ್ತ್ರೀಯದು 55. ಮಾಲೂರಿನ ಆ ಹುಡುಗ ಇದಕ್ಕೂ ಕಡಿಮೆಯಿದ್ದಾನು. ನೂರು ಕಿಲೋದ ದೇಹಕ್ಕೆ ಬಿಗಿದಿಟ್ಟ ಸ್ಪ್ರಿಂಗಿನ ಮೇಲೆ ಇವನು ಕುಳಿತರೆ ಸೀಟು ಅಲುಗುವುದೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಆಸನ ಮರದ ಹಲಗೆಯಾಗುತ್ತದೆ. ಸಾಲದೆಂಬಂತೆ ಈ ಯಂತ್ರ ವೇಗವಾಗಿಯೂ ಓಡುವುದರಿಂದ ಉಬ್ಬುತಗ್ಗುಗಳ ಹೊಡೆತ ಮನೆಯ ದರ್ಜೆಯದಕ್ಕಿಂತ ಹೆಚ್ಚೇ ಆದೀತು. ಖಾಲಿ ಬಸ್ಸು ತುಂಬಿದ ಬಸ್ಸಿಗಿಂತ ಹೆಚ್ಚು ಕುಲುಕುವುದು ಇದೇ ಕಾರಣದಿಂದ. ಅದರ ಕಮಾನುಪಟ್ಟಿಗಳು ಇಲ್ಲದ ಜನರ ಭಾರಕ್ಕಾಗಿ ಕಾಯುತ್ತಿರುತ್ತವೆ. 2006ರಲ್ಲಿ ಬೆಂಗಳೂರಿಗೆ ವೋಲ್ವೊ ಬಸ್ಸುಗಳು ಬಂದಾಗ, ಗಾಳಿ ತುಂಬಿದ ಚೀಲಗಳ ಮೇಲೆ ತೂಗುವ ಅವುಗಳ ನಡಿಗೆ ಕಂಡು ಜನ ಬೆರಗಾದರು. ಹೊರೆ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಗಾಳಿಯನ್ನು ಅವು ತಾವೇ ಹೊಂದಿಸಿಕೊಳ್ಳುತ್ತವೆ. ಹುಲ್ಲಿನ ಯಂತ್ರದಲ್ಲಿ ಹಾಗಲ್ಲ, ಗುಂಡಿಯನ್ನು ಕೈಯಿಂದಲೇ ತಿರುಗಿಸಬೇಕು. ತಿರುಗಿಸಬೇಕಾದವನಿಗೆ ಅದು ಇದೆಯೆಂದು ಹೇಳಬೇಕು. ಹೇಳುವ ಪುಸ್ತಿಕೆ ಅವನಿಗೆ ಬರುವ ಭಾಷೆಯಲ್ಲಿರಬೇಕು. ನಾನು ನೋಡಿದ ಪುಸ್ತಿಕೆಗಳಲ್ಲಿ ಇಂಗ್ಲಿಷು, ಫ್ರೆಂಚು, ಸ್ಪ್ಯಾನಿಷು ಇದ್ದವು. ಕನ್ನಡದ ನೆಲದಲ್ಲಿ ಓಡುವ ಯಂತ್ರಕ್ಕೆ ಕನ್ನಡದಲ್ಲಿ ಒಂದು ಪುಟ ಬರೆಸಿ ಅಂಟಿಸುವುದಕ್ಕೆ ಎಷ್ಟು ಖರ್ಚಾದೀತು? ನಮ್ಮ ಕಾಲೇಜುಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟಾರು. ಬೇಕಾದರೆ ಭಾಷೆ ತಿದ್ದಲು ನಾನೂ ಬರುತ್ತೇನೆ.

ಗುತ್ತಿಗೆಯ ಕರಾರಿನಲ್ಲಿ ಹುಲ್ಲಿನ ಎತ್ತರ ಎಷ್ಟು ಅಂಗುಲವಿರಬೇಕೆಂದು ಬರೆಯುತ್ತಾರೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಬೇಕೆಂದು ನನ್ನ ಸಲಹೆ. ಯಂತ್ರವನ್ನು ಒಬ್ಬನೇ ದಿನವಿಡೀ ಓಡಿಸದೆ ಇಬ್ಬರು ಸರದಿಯ ಮೇಲೆ ಓಡಿಸತಕ್ಕದ್ದು. ಹಾಗಾದರೆ ನಾಲ್ಕಾರು ಹೊಟ್ಟೆಗಳಲ್ಲಿ ಒಂದಾದರೂ ಉಳಿಯಿತು. ಎರಡನೆಯದಾಗಿ, ಯಂತ್ರ ಕೊಳ್ಳುವ ಮುನ್ನ ಅದನ್ನು ಓಡಿಸಬೇಕಾದವನು ಅಂಗಡಿಯ ನುಣುಪು ನೆಲದ ಮೇಲಲ್ಲ, ತಾನು ಕತ್ತರಿಸುವ ಆ ಹುಲ್ಲಿನ ಮೇಲೆಯೇ ಎರಡು ಗಂಟೆ ಓಡಿಸಿ ನೋಡತಕ್ಕದ್ದು. ಅವನು ಇಳಿದು ಬಂದಮೇಲೆ ಕೊಳ್ಳುವವರು ಕೇಳಬೇಕಾದದ್ದು ಬೆಲೆಯನ್ನಲ್ಲ, ಅವನ ಸೊಂಟವನ್ನು. ಮಾಲೂರಿನ ಹುಡುಗನಿಗೆ ನಾನು ಇದನ್ನು ಹೇಳಿದಾಗ ಅವನು ಗೋಣಿಚೀಲವನ್ನು ಕೊಡವಿ ಮತ್ತೆ ಮಡಿಸುತ್ತ, “ಅವರೇ ಒಂದು ಸಲ ಹತ್ತಿ ಕೂತ್ಕೊಂಡ್ರೆ ಸಾಕಲ್ವಾ ಸಾರ್” ಎಂದ.